ಹುರುಪೆಯ ಶಿರಸ್ತ್ರಾಣ

ಮಳೆ ಹಿಡಿದು ಒಂಬತ್ತನೆಯ ದಿನ. ಹೊಲಿಗೆಯವಳು ಹಿತ್ತಿಲ ಚಪ್ಪರದಡಿ ಕುಕ್ಕರುಗಾಲಲ್ಲಿ ಕೂತು, ಬಕೆಟ್ಟಿನಲ್ಲಿ ನೆನೆಹಾಕಿದ್ದ ಮೀನಿನ ಹುರುಪೆಗಳನ್ನು ಮೂರನೆಯ ಸಲ ತೊಳೆಯುತ್ತಿದ್ದಳು. ಸೀಗೆಪುಡಿ ಹಾಕಿದ್ದಾಯಿತು, ಸುಣ್ಣದ ತಿಳಿನೀರು ಹಾಕಿದ್ದಾಯಿತು. ವಾಸನೆ ಮಾತ್ರ ಬೀಡುಬಿಟ್ಟ ನೆಂಟನ ಹಾಗೆ, ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಲೋಳೆ ಉಗುರಿನ ಸಂದಿಗೆ ಹೊಕ್ಕಿತ್ತು. ಉಣ್ಣಲು ಕೂತರೆ ತುತ್ತು ಬಾಯಿಗೆ ಹೋಗುವ ಮೊದಲೇ ತಟ್ಟೆ ಸರಿಸಿ ಏಳುತ್ತಿದ್ದಳು.

"ನಾನು ಬಿಸಾಕೋದನ್ನ ನೀನು ಮುತ್ತಿನ ಹಾಗೆ ತೊಳೀತೀಯಲ್ಲೇ!" ಇನ್ನೊಂದು ಪೊಟ್ಟಣ ತಂದ ಮೀನು ಮಾರುವವಳು ನಕ್ಕಳು. "ಯಾವ ಮಹಾರಾಜನಿಗಮ್ಮಾ ಇದು?"

"ನಮ್ಮ ಭಾವನಿಗೆ. ನಾಟಕದಲ್ಲಿ ಪಾತಾಳದ ದೊರೆಯಂತೆ. ತಲೆ ಮೇಲಿನದು ನಿಜವಾದ ಹಾವಿನ ಮೈ ಥರ ಕಾಣಬೇಕು, ಖರ್ಚು ಮಾತ್ರ ಆಗಬಾರದು."

"ಬಿಟ್ಟಿ ದೊರೆ ಅನ್ನು!"

ಹೊಲಿಗೆಯವಳಿಗೆ ನಗು ಬರಲಿಲ್ಲ. ಮೂರು ವರ್ಷದ ಹಿಂದೆ ಅವಳ ಗಂಡ ಕಟ್ಟಡದ ಸಾರವೆಯಿಂದ ಬಿದ್ದು ಹಾಸಿಗೆ ಹಿಡಿದಾಗ, ಅವನ ಅಣ್ಣನಾದ ಈ ಭಾವ ಹನ್ನೊಂದು ತಿಂಗಳು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದ್ದ. ಗಂಡ ಎದ್ದು ಕೆಲಸಕ್ಕೆ ಹೋದರೂ ಆ ಅನ್ನ ಅರಗಿರಲಿಲ್ಲ. ನಾಲ್ಕು ಜನ ಸೇರಿದಲ್ಲೆಲ್ಲ ಭಾವ ಅದನ್ನೇ ಎತ್ತುತ್ತಿದ್ದ. ತನ್ನ ನಾಟಕ ಕಂಪನಿಯ ಪರದೆ, ಅಂಗಿ, ನಿಲುವಂಗಿ ಎಲ್ಲ ಅವಳಿಂದಲೇ ಹೊಲಿಸಿಕೊಂಡ. ಈ ಸಲ ತಾನಾಗಿಯೇ ಹೇಳಿದ್ದ: "ಇದೊಂದು ಮಾಡಿಕೊಡು, ಅಲ್ಲಿಗೆ ಋಣ ಚುಕ್ತಾ. ಇನ್ನು ಆ ಮಾತು ಎತ್ತಲ್ಲ." ಆ ಒಂದು ಮಾತಿಗಾಗಿ ಅವಳು ಲೋಳೆಗೆ ಕೈ ಹಾಕಿದ್ದಳು.

ಬೋರಲು ಹಾಕಿದ ಮಡಕೆಯೇ ಅಚ್ಚು. ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಹಳೇ ಪತ್ರಿಕೆಯ ಪಟ್ಟಿಗಳು, ಏಳು ಪದರ. ತಂತಿಗೆ ಗೋಣಿ ಸುತ್ತಿ ಎರಡು ಕೊಂಬು. ಮಡಕೆ ತೆಗೆದು ಒಳಗೆ ಬಟ್ಟೆಯ ಅಸ್ತರು. ಹುರುಪೆಗಳನ್ನು ಕತ್ತಿನ ಕಡೆಯಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅಂಟಿಸಿ, ಬೂಟ್ ಪಾಲಿಶ್ ತಿಕ್ಕಿದಳು. ಮುಗಿದಾಗ ಅದು ಮುಟ್ಟಿದರೆ ಬುಸ್ಸೆನ್ನುವಂತಿತ್ತು.

"ಒಳಗಿನ್ನೂ ಹಸಿ ಇದೆ ಭಾವ. ನಾಲ್ಕು ದಿನ ಒಲೆ ಮೇಲೆ ಕಟ್ಟಿ ಒಣಗಿಸ್ತೀನಿ."

"ನಾಳೆ ಆಟ ಇಟ್ಕೊಂಡು ನಾಲ್ಕು ದಿನ ಕಾಯ್ಲಾ? ಕೊಡಮ್ಮ ಇಲ್ಲಿ."

ಕೊಂಡೊಯ್ದವನು ಹೊಳಪು ಬರಲೆಂದು ಒಳಗೂ ಹೊರಗೂ ಎರಡೆರಡು ಕೈ ವಾರ್ನಿಷ್ ಬಳಿದ. ಹಸಿ ಒಳಗೇ ಉಳಿಯಿತು.

ಏಳನೆಯ ದಿನ ಟವೆಲಿನಲ್ಲಿ ಸುತ್ತಿ ತಂದು ಜಗಲಿಯ ಮೇಲೆ ಕುಕ್ಕಿದ. ಹಿಂದೆಯೇ ನೊಣಗಳ ಮೆರವಣಿಗೆ. "ನೋಡು ನಿನ್ನ ಕೆಲಸ!"

ಅವಳು ಕತ್ತರಿಯಿಂದ ಒಳಗಿನ ಬಟ್ಟೆ ಸೀಳಿದಳು. ಪದರಗಳ ನಡುವೆ ಅಂಟು ಕೀವಿನಂತೆ ಹಳದಿಗಟ್ಟಿತ್ತು. ಅದರಲ್ಲಿ ಅನ್ನದ ಅಗುಳಿನಂಥ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ಗಂಟಲಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

"ಇದನ್ನ ತಲೆಗೆ ಹಾಕ್ಕೊಂಡು ಆರು ಆಟ ಆಡಿದ್ರಾ ಭಾವ?"

"ನನಗೇನು ಹುಚ್ಚೇ? ಮೊದಲನೇ ದಿನವೇ ವಾಂತಿ ಆಯ್ತು. ಆಮೇಲಿಂದ ಪಾತ್ರ ಮುದುಕನಿಗೆ ಬಿಟ್ಟಿದೀನಿ."

ಮುದುಕನೆಂದರೆ ಕಂಪನಿಯ ಹಳೇ ನಟ. ಹಿಂದುಮುಂದಿಲ್ಲದವನು, ವೇಷದ ಪೆಟ್ಟಿಗೆಗಳ ಮಗ್ಗುಲಲ್ಲೇ ಮಲಗುವವನು.

"ಕಿವಿ ಹಿಂದೆ ಹುಣ್ಣಾಗಿದೆ ಅಂತ ಗೊಣಗ್ತಾನೆ. ಸ್ವಲ್ಪ ಅತ್ತರು ಸುರಿದು, ಹೊಸ ಬಟ್ಟೆ ಹೊಲಿದುಕೊಡು. ಇವತ್ತು ಆಟ ಇದೆ."

"ಅವರು ಒಲ್ಲೆ ಅನ್ನಲಿಲ್ವಾ?"

"ಹೆಂಗಂತಾನೆ? ತಿನ್ನೋದು ನನ್ನ ಅನ್ನ."

ಹುಳ ಕಂಡಾಗ ತಡೆದುಕೊಂಡವಳಿಗೆ ಈಗ ಎದ್ದು ಹೋಗಿ ಬಚ್ಚಲಲ್ಲಿ ಕಾರಿಕೊಳ್ಳಬೇಕಾಯಿತು. ಬಾಯಿ ಮುಕ್ಕಳಿಸಿ ಬಂದವಳೇ ಅದನ್ನು ಕೊಂಬು ಹಿಡಿದೆತ್ತಿ, ಉರಿಯುತ್ತಿದ್ದ ನೀರೊಲೆಗೆ ತುರುಕಿದಳು. ವಾರ್ನಿಷ್ ಭಗ್ಗನೆ ಹತ್ತಿಕೊಂಡಿತು. ಹುರುಪೆ ಚಟಪಟ ಸಿಡಿದು, ಕೂದಲು ಸುಟ್ಟ ಕಮಟು ಮನೆ ತುಂಬಿತು.

"ಏ ಹುಚ್ಚೀ! ಋಣ ಹಾಗೇ ಉಳೀತು, ತಿಳ್ಕೋ!"

"ಉಳೀಲಿ ಭಾವ. ಊರೆಲ್ಲ ಹೇಳ್ಕೊಂಡು ಬನ್ನಿ. ನಿಮಗಿನ್ನು ಒಂದು ಗುಂಡೀನೂ ಹಾಕಿಕೊಡಲ್ಲ." ಕೊಳ್ಳಿಯಿಂದ ಇನ್ನಷ್ಟು ಒಳಗೆ ನೂಕುತ್ತ ಸೇರಿಸಿದಳು: "ಆ ಹಿರಿಯರನ್ನ ಇತ್ತ ಕಳಿಸಿ. ಮಾಡಿದ್ದು ನನ್ನ ಕೈ. ಹುಣ್ಣು ನಾನೇ ತೊಳೀತೀನಿ."

ಭಾವ ಟವೆಲನ್ನು ಮೂಗಿಗೊತ್ತಲು ಹೋಗಿ, ಅದರದೇ ನಾತಕ್ಕೆ ಓಕರಿಸುತ್ತ ಮಳೆಯಲ್ಲೇ ಹೊರಟುಹೋದ.