ಕರಿಬಸಮ್ಮ ಮಾರಿದ ಕಾರು

ಚೈತ್ರಶ್ರೀ ಹೊನ್ನಾಳಿಯಲ್ಲಿ ಮನೆಮನೆಗೆ ಹೋಗಿ ಗಾಯಕ್ಕೆ ಡ್ರೆಸಿಂಗ್ ಮಾಡುವ ನರ್ಸ್. ಜಗಳೂರು ಕಡೆಯಿಂದ ಅವ್ವ ದುರುಗಕ್ಕನನ್ನು ಕರೆದುಕೊಂಡು ಬಂದು ಇಲ್ಲಿ ನೆಲೆಯೂರಿದವಳು. ಹೊಳೆಸಾಲಿನ ಹಳ್ಳಿಗಳಿಗೆ ಹೋಗಲು ಬಸ್ಸು ಕಾಯುತ್ತ ನಿಂತರೆ ಹೊತ್ತು ನೆತ್ತಿಗೆ ಬಂದರೂ ಎರಡನೇ ಮನೆ ಮುಟ್ಟುತ್ತಿರಲಿಲ್ಲ. ಅದಕ್ಕೇ ನ್ಯಾಮತಿಯ ಕರಿಬಸಮ್ಮನವರಿಂದ ಹಳೇ ಕಾರೊಂದನ್ನು ಕೊಂಡಳು. ಕರಿಬಸಮ್ಮ ಆ ಕಾರಿನಲ್ಲಿ ಸೀರೆ ಗಂಟು ಹೇರಿಕೊಂಡು ಊರೂರು ತಿರುಗಿ ವ್ಯಾಪಾರ ಮಾಡಿದವರು. ಕಣ್ಣು ಮಂಜಾದ ಮೇಲೆ ವಿಧಿಯಿಲ್ಲದೆ ಮಾರಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿಗೆ ಏನೋ ಆಯಿತು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೂ ಇಂಜಿನ್ ಸುಮ್ಮನಾಗದು. ನಿಂತಲ್ಲೇ ಭರ್ರೆಂದು ಕೂಗುವುದು. ಕ್ಲಚ್ ಬಿಟ್ಟರೆ ಹಗ್ಗ ಕಿತ್ತ ಹೋರಿಯಂತೆ ನುಗ್ಗುವುದು. ಒಮ್ಮೆ ಸಂತೆಯಲ್ಲಿ ಸೊಪ್ಪು ಮಾರುವವಳ ಬುಟ್ಟಿಗೆ ಗುದ್ದುವುದು ಸ್ವಲ್ಪದರಲ್ಲೇ ತಪ್ಪಿತು. ಗ್ಯಾರೇಜಿನವರು ಪ್ಲಗ್ ಬದಲಿಸಿದರು, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಿಚ್ಚಿ ತೊಳೆದರು. ಆದರೂ ಅದೇ ಹಾಡು.

"ದೋಷ ಮುಚ್ಚಿಟ್ಟು ಮಾರ್ಯಾರೆ ಬಿಡು," ಎಂದಳು ದುರುಗಕ್ಕ.

ಚೈತ್ರಶ್ರೀಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಕೇಳೇಬಿಡೋಣವೆಂದು ಫೋನ್ ಮಾಡಿದಳು. ಕರಿಬಸಮ್ಮ ಮಾತು ಬೆಳೆಸಲಿಲ್ಲ.

"ಇಂಜಿನ್ ಚಾಲೂ ಮಾಡಿ ಫೋನು ಅದರ ಹತ್ರ ಹಿಡೀರಿ." ಸದ್ದನ್ನು ಪೂರ್ತಿ ಕೇಳಿಸಿಕೊಂಡರು. "ನನ್ನ ಹತ್ರ ಇದ್ದಾಗ ಇದು ಹಿಂಗೆ ಕೂಗಿದ್ದಿಲ್ಲ. ನಾಳೆ ಬರ್ತೀನಿ."

"ಅಯ್ಯೋ, ನೀವ್ಯಾಕೆ ಬರಾಕೆ ಹೋಗ್ತೀರಿ, ಅಮ್ಮಾರೇ? ಕಣ್ಣು ಬೇರೆ ಕಾಣಲ್ಲ..."

"ಬಸ್ಸಿನ ಡ್ರೈವರಿಗೆ ಕಾಣ್ತೈತಲ್ಲ, ಸಾಕು."

ಹೇಳಿದಂತೆಯೇ ಬೆಳಗಿನ ಬಸ್ಸಿಗೆ ಬಂದಿಳಿದರು. ದುರುಗಕ್ಕ ಕೊಟ್ಟ ಚಹಾ ಕುಡಿದು ಸೀದಾ ಕಾರಿನ ಹತ್ತಿರ ನಡೆದರು. ಕಾರು ನಿಲ್ಲುತ್ತಿದ್ದುದು ಪಕ್ಕದ ಮನೆಯವರ ಭತ್ತದ ಚೀಲಗಳ ಸಾಲಿನ ಮಗ್ಗುಲಲ್ಲಿ.

"ನಿಮ್ಮ ಕಣ್ಣು, ನನ್ನ ಕಿವಿ. ದುಪಟ್ಟಾ ಬಿಗಿಯಾಗಿ ಕಟ್ಕಳ್ರಿ, ಇಂಜಿನ್ ಫ್ಯಾನಿಗೆ ಸಿಕ್ಕೀತು," ಎಂದರು ಚೈತ್ರಶ್ರೀಗೆ.

ಮೊದಲು ಪೆಡಲಿಗೆ ಕಾಲ್ಚಾಪೆ ತಾಗುತ್ತಿದೆಯೇ ಎಂದು ನೋಡಿಸಿದರು, ಇಲ್ಲ. ಆಕ್ಸಿಲರೇಟರ್ ಕೇಬಲ್ ಬಿಗಿದುಕೊಂಡಿದೆಯೇ ಎಂದು ಕೇಳಿದರು. ಅದೂ ಸಡಿಲವಾಗೇ ಇತ್ತು. ಆಮೇಲೆ ಕಾರು ಚಾಲೂ ಮಾಡಿಸಿ, ತೆರೆದ ಬಾನೆಟ್ಟಿನೊಳಗೆ ಬಗ್ಗಿ ಕಣ್ಣು ಮುಚ್ಚಿಕೊಂಡರು.

"ಆ ಕೂಗಿನ ಕೆಳಗೆ ಸುಯ್ ಅನ್ನೋದು ಕೇಳ್ತೈತಾ? ಎಲ್ಲೋ ಕಳ್ಳಗಾಳಿ ಒಳಗೆ ಹೋಗ್ತೈತೆ. ಗಾಳಿ ಜಾಸ್ತಿ ಆದ್ರೆ ಇಂಜಿನ್ ಓಡ್ತಾನೇ ಇರ್ತೈತೆ. ಒಂದೊಂದೇ ರಬ್ಬರ್ ಪೈಪಿನ ಮೇಲೆ ನೀರು ತೊಟ್ಟಿಕ್ಕಸ್ರಿ. ತೂತಿಗೆ ನೀರು ಬಿದ್ರೆ ಸದ್ದು ತಗ್ಗತೈತೆ."

ಚೈತ್ರಶ್ರೀ ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ತುಂಬಿ ತೊಟ್ಟಿಕ್ಕಿಸುತ್ತ ಹೋದಳು. ಏನೂ ಆಗಲಿಲ್ಲ. ಹಿಂಬದಿಯ ಸಣ್ಣ ಪೈಪಿಗೆ ನೀರು ಬಿದ್ದದ್ದೇ ತಡ, ಇಂಜಿನ್ ಒಮ್ಮೆ ಗುಟುಕರಿಸಿ ದನಿ ತಗ್ಗಿಸಿತು.

"ಅಲ್ಲೇ!" ಇಬ್ಬರೂ ಒಟ್ಟಿಗೇ ಕೂಗಿದರು.

ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಚೈತ್ರಶ್ರೀ ಪೈಪಿನ ಅಡಿಗೆ ಬೆರಳಾಡಿಸಿದಳು. ಸಾಲಾಗಿ ಹಲ್ಲಿನ ಗುರುತು. ಭತ್ತಕ್ಕೆ ಬಂದ ಇಲಿ ರಬ್ಬರಿನ ರುಚಿಯನ್ನೂ ನೋಡಿತ್ತು. ದುರುಗಕ್ಕನ ಮುಖ ಸಣ್ಣದಾಯಿತು.

"ತಪ್ಪು ತಿಳಿಬ್ಯಾಡ್ರಮ್ಮ. ನಾನು ನಿಮ್ಮ ಮ್ಯಾಲೆ ಏನೇನೋ ಅಂದ್ಕಂಡಿದ್ದೆ."

"ಕಾರು ಕೊಂಡೋರು ಅನುಮಾನ ಪಡದೆ ಇರ್ತಾರೇನ್ರಿ? ನಾನಾಗಿದ್ರೂ ಹಂಗೇ ಅಂತಿದ್ದೆ," ಎಂದು ನಕ್ಕರು ಕರಿಬಸಮ್ಮ.

ಚೈತ್ರಶ್ರೀ ತನ್ನ ಚೀಲದಿಂದ ಪ್ಲಾಸ್ಟರ್ ತೆಗೆದು, ಕಾಲಿನ ಗಾಯಕ್ಕೆ ಸುತ್ತುವಷ್ಟೇ ಜೋಪಾನವಾಗಿ ಪೈಪಿಗೆ ಸುತ್ತಿದಳು. ಮತ್ತೆ ಕೀಲಿ ತಿರುವಿದಾಗ ಕಾರು ಮೆತ್ತಗೆ ಗುನುಗುತ್ತ ನಿಂತಿತು. ಆ ಸದ್ದಿಗೆ ಅವಳ ಎದೆಯ ಭಾರವೇ ಇಳಿದಂತಾಯಿತು. ಕರಿಬಸಮ್ಮನವರ ಮಸಿ ಹತ್ತಿದ ಕೈ ಹಿಡಿದುಕೊಂಡು ನಿಂತುಬಿಟ್ಟಳು. ಮಾರಿದ ಮೇಲೆ ಯಾರಿಗೆ ಯಾರು? ಒಂದು ಫೋನಿಗೆ ಮಂಜುಗಣ್ಣಲ್ಲಿ ಬಸ್ಸು ಹತ್ತಿ ಬಂದಿದ್ದರು ಈಕೆ.

"ಆತು ಬಿಡವ್ವ," ಎಂದರು ಕರಿಬಸಮ್ಮ, ಮೊದಲ ಸಲ ಏಕವಚನದಲ್ಲಿ. "ಪ್ಲಾಸ್ಟರ್ ಬಾಳ ದಿನ ತಡೆಯಾಕಿಲ್ಲ. ಹೊಸ ಪೈಪ್ ಹಾಕ್ಸು. ಕಾರು ಬ್ಯಾರೆ ಕಡೆ ನಿಲ್ಸು."

ಪೇಟೆಯಲ್ಲಿ ಹೊಸ ಪೈಪು ಹಾಕಿಸಿದ ಮೇಲೆ ಚೈತ್ರಶ್ರೀ ಅವರನ್ನು ಬಸ್ಸಿಗೆ ಬಿಡಲಿಲ್ಲ. ತಾನೇ ನ್ಯಾಮತಿಗೆ ಕರೆದೊಯ್ದಳು. ದಾರಿಯಲ್ಲಿ ಕರಿಬಸಮ್ಮ ಕಿಟಕಿ ಇಳಿಸಿ, ಗಾಳಿಯ ವಾಸನೆಯಲ್ಲೇ ಯಾವ ಊರು ಬಂತೆಂದು ಹೇಳುತ್ತಿದ್ದರು. ಒಂದು ಊರಲ್ಲಿ ಕಾರು ನಿಧಾನವಾದಾಗ ಅವರ ದನಿ ಕೇಳಿ, ಹಿಂದೆ ಅವರಿಂದ ಸೀರೆ ಕೊಳ್ಳುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಕೊಡ ಇಳಿಸಿ ಓಡಿಬಂದಳು: "ಅಕ್ಕಾರೇ! ಎಷ್ಟು ದಿನ ಆತ್ರೀ ನಿಮ್ಮನ್ನ ನೋಡಿ!"

ಆವತ್ತಿನಿಂದ ನ್ಯಾಮತಿ ಕಡೆ ಕೆಲಸವಿದ್ದಾಗಲೆಲ್ಲ ಚೈತ್ರಶ್ರೀ ಮೊದಲು ಕರಿಬಸಮ್ಮನವರ ಮನೆ ಮುಂದೆ ಹಾರ್ನ್ ಮಾಡಿ ಅವರನ್ನೂ ಹತ್ತಿಸಿಕೊಳ್ಳುತ್ತಾಳೆ. ಅವಳು ರೋಗಿಯ ಮನೆಯೊಳಗೆ ಗಾಯ ತೊಳೆದು ಕಟ್ಟುವಷ್ಟರಲ್ಲಿ ಹೊರಗೆ ಕಾರಿನ ಸುತ್ತ ಹೆಂಗಸರು ನೆರೆದಿರುತ್ತಾರೆ. ಸೀರೆ ಇಲ್ಲದಿದ್ದರೂ ಮಾತು ಮುಗಿಯುವುದಿಲ್ಲ.