ಭೋಂಗಾ ಊದಿದವನು

ಊರಿನ ಬಗ್ಗೆ ಪುಸ್ತಕ ಬರೆಯುವವರು ಯಾರಾದರೂ ನಿಮ್ಮ ಮನೆಗೆ ಬಂದರೆ ಚಹಾ ಕುಡಿಸಿ ಕಳಿಸಿಬಿಡಿ. ಬಾಯಿ ಬಿಡಬೇಡಿ. ನಾನು ಬಿಟ್ಟು ಕೆಟ್ಟೆ, ಅದಕ್ಕೇ ಹೇಳುತ್ತಿದ್ದೇನೆ.

ಯಾದಗಿರಿಯಿಂದ ಭೀಮಾ ಸೇತುವೆ ದಾಟಿ ಶಹಾಪುರದ ದಾರಿ ಹಿಡಿದರೆ ಎಡಕ್ಕೆ ಹತ್ತಿ ಗಿರಣಿ ಇತ್ತು. ಹತ್ತಿಯಿಂದ ಬೀಜ ಬಿಡಿಸಿ, ಅರಳೆಯನ್ನು ಗಂಟು ಕಟ್ಟಿ ರೈಲಿಗೆ ಹಾಕುವ ಗಿರಣಿ. ಅದನ್ನು ಕಟ್ಟುವಾಗ ಹನ್ನೆರಡು ಮನೆಯವರ ಹೊಲ ಹೋದವು. ಆಗ ಅದು ಮಳೆ ನಂಬಿದ ಕರಿಮಣ್ಣು, ಯಾರಿಗೂ ಅದರ ಮೇಲೆ ಅಂಥ ಆಸೆ ಇರಲಿಲ್ಲ. ಮನೆಗೊಂದು ನೌಕರಿ ಕೊಡಬೇಕು, ಗಿರಣಿ ಸತತ ಮೂರು ವರ್ಷ ನಿಂತರೆ ಹೊಲ ವಾಪಸು ಕೊಡಬೇಕು ಎಂದು ಕರಾರಾಯಿತು. ಆ ಹನ್ನೆರಡರಲ್ಲಿ ನನ್ನ ಅಕ್ಕ ಲಾಲಮ್ಮನದೂ ಒಂದು ಮನೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. “ನನ್ನ ಪಾಲಿನ ನೌಕರಿ ನನ್ನ ತಮ್ಮಗ ಕೊಡ್ರಿ” ಎಂದು ಹೆಬ್ಬೆಟ್ಟು ಒತ್ತಿದಳು. ಬಳಿಚಕ್ರದಲ್ಲಿ ಮಂದಿಯ ದನ ಕಾಯ್ದುಕೊಂಡಿದ್ದ ತಾಯಪ್ಪ ಎಂಬ ನಾನು ಹಾಗೆ ಗಿರಣಿಯವನಾದೆ. ಹೊಲ ಆಕೆಯದು, ಪಗಾರ ನನ್ನದು. ಆಕೆ ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ.

ನನ್ನ ಕೆಲಸ ಭೋಂಗಾ, ಅಂದರೆ ಗಿರಣಿಯ ಸೈರನ್, ಊದುವುದು. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಐದು. ಮೊದಮೊದಲು ಉಗಿಯ ಭೋಂಗಾ, ಸರಪಳಿ ಜಗ್ಗಬೇಕಿತ್ತು. ಆಮೇಲೆ ಕರೆಂಟಿನದು ಬಂತು, ಗುಂಡಿ ಒತ್ತಿದರೆ ಮುಗಿಯಿತು. ಯಾರು ಬೇಕಾದರೂ ಒತ್ತಬಹುದಾದ ಗುಂಡಿ. ಆದರೆ ನನಗೆ ಎಂಥ ಸೊಕ್ಕು ಅಂತೀರಿ! ಹೊಳೆಯಾಚೆ ಹೆಂಗಸರು ನನ್ನ ಭೋಂಗಾ ಕೇಳಿ ಹಿಟ್ಟು ಕಲಸುತ್ತಿದ್ದರು. ಸ್ಟೇಷನ್ ಹತ್ತಿರ ಗಡಿಯಾರ ರಿಪೇರಿ ಮಾಡುವ ಬಾಷುಮಿಯಾ ನನ್ನನ್ನು ಕಂಡರೆ ಎದ್ದು ನಿಂತು, “ಬರ್ರಿ ಬರ್ರಿ, ಊರ ಟೈಮು ಬಂತು” ಎನ್ನುತ್ತಿದ್ದ. ಚೇಷ್ಟೆಗೆ ಅನ್ನುತ್ತಿದ್ದ ಎಂದು ಈಗ ತಿಳಿಯುತ್ತದೆ. ಆಗ ಎದೆ ಉಬ್ಬಿಸಿಕೊಂಡು ಹೋಗುತ್ತಿದ್ದೆ.

ಅಷ್ಟರಲ್ಲಿ ಕಾಲುವೆ ಬಂತು. ನಾರಾಯಣಪುರದ ಅಣೆಕಟ್ಟಿನ ನೀರು ಸುರಪುರ ದಾಟಿ, ಶಹಾಪುರ ದಾಟಿ, ನಮ್ಮ ಗಿರಣಿಯ ಹಿಂದಿನ ಗೋಡೆಗೆ ಹತ್ತಿಕೊಂಡು ಹರಿಯತೊಡಗಿತು. ಹತ್ತಿ ಬೆಳೆಯುತ್ತಿದ್ದವರೆಲ್ಲ ಭತ್ತಕ್ಕೆ ಬಿದ್ದರು. ಆ ಕರಿಮಣ್ಣಿಗೆ ಬಂಗಾರದ ಬೆಲೆ ಬಂತು. ಗಿರಣಿಗೆ ಮಾತ್ರ ಹತ್ತಿ ಬರುವುದು ಕಡಿಮೆಯಾಗುತ್ತ ಹೋಗಿ, ಒಂದು ದಿನ ಗಿರಣಿಯ ಮಾಲೀಕ ಶಾಂತಪ್ಪ ಸಾಹುಕಾರ ಮಷೀನು ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದ. ನನ್ನೊಬ್ಬನನ್ನು ಬಿಟ್ಟು.

“ತಾಯಪ್ಪ, ಮಷೀನು ನಿಂತ್ವು ಅಂತ ನೀ ಭೋಂಗಾ ನಿಲ್ಲಸಬ್ಯಾಡ” ಎಂದ. “ಊರ ಮಂದಿಗೆ ರೂಢಿ ಆಗ್ಯಾದ. ಗಿರಣಿಯೊಳಗ ನೀ ಇರೋ ಖೋಲಿ ನಿನಗ ಇರ್ತದ, ಪಗಾರನೂ ಇರ್ತದ.”

ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಅಯ್ಯೋ ನನ್ನ ಜಾಣತನವೇ! ಮೂರು ವರ್ಷ ಖಾಲಿ ಶೆಡ್ಡಿನ ಮುಂದೆ ನಿಂತು ದಿನಕ್ಕೆ ಮೂರು ಸಲ ಊದಿದೆ. ಒಳಗೆ ಹೋಗುವವರಿಲ್ಲ, ಹೊರಗೆ ಬರುವವರಿಲ್ಲ.

ಆ ಮೂರನೆಯ ವರ್ಷದಲ್ಲೇ ಭೀಮರಾಯ ಮಾಸ್ತರ್ರು ಬಂದರು. ಊರಿನ ಹಿರಿಯರೆಲ್ಲ ಸೇರಿ ಯಾದಗಿರಿಯ ಪರಿಚಯದ ಪುಸ್ತಕ ತರುತ್ತಿದ್ದರು. ಹೊಳೆ, ಕೋಟೆ, ರೈಲು, ಗಿರಣಿಗಳು, ಎಲ್ಲ ಬರಬೇಕು ಎಂದರು. ಮಾಸ್ತರ್ರು ಒಳ್ಳೆಯವರು, ಅವರದೇನೂ ತಪ್ಪಿಲ್ಲ. ಖೋಲಿಯ ಮುಂದೆ ಕುಳಿತು, “ಹೇಳ್ರಿ ತಾಯಪ್ಪ, ನಿಮ್ಮ ಭೋಂಗಾದ ಕಥಿ” ಎಂದರು. ನಾನು ಸಂಜೆಯವರೆಗೆ ಹೇಳಿದೆ. ಜ್ವರ ಬಂದಾಗಲೂ ಊದಿದ್ದು, ಹೊಳೆ ತುಂಬಿ ಬಂದಾಗಲೂ ಊದಿದ್ದು. ಮಷೀನು ನಿಂತಿವೆ ಎಂದು ಮಾತ್ರ ಹೇಳಲಿಲ್ಲ. ಅವರು ಕೇಳಲಿಲ್ಲ, ನನಗೂ ಹೇಳಲು ಮನಸ್ಸಾಗಲಿಲ್ಲ.

ಪುಸ್ತಕ ಬಂತು. “ಹೊಳೆಯಾಚೆಯ ಹತ್ತಿ ಗಿರಣಿಯ ಭೋಂಗಾ ಇಂದಿಗೂ ದಿನಕ್ಕೆ ಮೂರು ಹೊತ್ತು ದುಡಿಯುವ ಕೈಗಳನ್ನು ಕರೆಯುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ತಪ್ಪದೆ ಊದುತ್ತಿರುವವರು ಶ್ರೀ ತಾಯಪ್ಪನವರು.” ಶ್ರೀ! ಅಕ್ಷರ ಬಾರದ ನಾನು ಆ ಸಾಲನ್ನು ಮಂದಿಯಿಂದ ಎಷ್ಟು ಸಲ ಓದಿಸಿಕೊಂಡೆನೋ. ಅಕ್ಕನಿಗೂ ಒಂದು ಪ್ರತಿ ಕೊಟ್ಟು ಬಂದೆ. ಆಕೆ ಅದನ್ನು ಸೀರೆಯ ಟ್ರಂಕಿನಲ್ಲಿಟ್ಟಳು.

ಅದಾಗಿ ತಿಂಗಳೊಪ್ಪತ್ತಿಗೆ ಅಕ್ಕ ಗಿರಣಿಗೆ ಬಂದಳು.

“ತಮ್ಮಾ, ಮೂರು ವರ್ಷ ತುಂಬ್ಯಾವ. ಹೊಲ ವಾಪಸ್ ಕೊಡ್ರಿ ಅಂತ ಹನ್ನೆರಡೂ ಮನಿಯವರು ಅರ್ಜಿ ಕೊಟ್ಟೇವಿ. ಅರ್ಜಿ ಕೊಟ್ಟವರ ಮಾತು ಅವರು ನಂಬಂಗಿಲ್ಲ. ಗಿರಣಿ ನಿಂತದ ಅಂತ ಹೇಳಾಕ ಒಳಗಿನಂವ ನೀ ಒಬ್ಬನ ಇದ್ದಿ. ಬಂದು ಒಂದು ಮಾತು ಹೇಳಿ ಹೋಗು.”

“ಹೇಳ್ತೀನಿ ಬಿಡ ಯಕ್ಕಾ, ಅದೇನು ದೊಡ್ಡ ಮಾತು?” ಎಂದೆ.

“ಆ ಹೊಲ ಬಂದ್ರ ನಾ ಇನ್ನೊಬ್ಬರ ಹೊಲದಾಗ ಕಳೆ ತಗಿಯೂದು ತಪ್ಪತದಪ್ಪಾ. ಸೊಂಟ ಹಿಡದದ” ಎಂದಳು. ಬಾಯಿಬಿಟ್ಟು ಏನನ್ನೂ ಕೇಳುವ ಹೆಂಗಸಲ್ಲ ಆಕೆ. ಅವತ್ತು ಕೇಳಿದಳು.

ಅರ್ಜಿಯ ವಿಚಾರಣೆಗೆ ಬಂದ ಸರಕಾರಿ ಸಾಹೇಬರು ಗಿರಣಿಯ ಒಳಗೂ ಹೋಗಿ ನೋಡಿದರು. ಹತ್ತಿಯ ಹಂಗಾಮು ಇನ್ನೂ ಬಂದಿಲ್ಲ, ಈಗ ಮಷೀನು ನಿಂತಿರುವುದು ಸಹಜ ಎಂದು ಸಾಹುಕಾರನ ವಕೀಲ ಹೇಳಿದ. ಆಮೇಲೆ ಹೊರಗೆ ಬೇವಿನ ಮರದ ಕೆಳಗೆ ಮೇಜು ಹಾಕಿ ಕುಳಿತರು. ವಕೀಲ ಕೈಚೀಲದಿಂದ ಆ ಪುಸ್ತಕ ತೆಗೆದ. ಆತ ಆ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದ. ಇಂದಿಗೂ ಎಂಬ ಮಾತನ್ನು ಎರಡು ಸಲ ಓದಿದ. ಸಾಹೇಬರು ನನ್ನನ್ನು ಕರೆದರು.

“ಇದು ನೀವೇ ಹೇಳಿದ್ದೇನು?”

“ಹೌದ್ರಿ.”

“ಭೋಂಗಾ ದಿನಾ ಆಗ್ತದಾ?”

“ಆಗ್ತದ್ರಿ.”

“ಗಿರಣಿಯಿಂದ ಪಗಾರ ಬರ್ತದಾ?”

“ಬರ್ತದ್ರಿ.”

ಸಾಹೇಬರು ಬರೆದುಕೊಂಡು ತಲೆ ಎತ್ತಿದರು. “ಮತ್ತೇನರ ಹೇಳೂದು ಅದ ಏನು?”

ಕೇಳಿದರು. ಕೇಳಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ಎದುರಿಗೆ ಸಾಹುಕಾರ ನಿಂತಿದ್ದ, ಆದರೆ ಆತನ ಹೆದರಿಕೆ ಅಷ್ಟಾಗಿ ಇರಲಿಲ್ಲ. ಖೋಲಿ ಹೋದರೆ ಅಕ್ಕನ ಮನೆಯಿತ್ತು. ಇಪ್ಪತ್ತೆರಡು ವರ್ಷ ತಪ್ಪದೆ ಊದಿದ ಶ್ರೀ ತಾಯಪ್ಪನವರು ಮೂರು ವರ್ಷದಿಂದ ಯಾರನ್ನೂ ಕರೆಯದೆ ಸುಮ್ಮನೆ ಗುಂಡಿ ಒತ್ತುತ್ತಿದ್ದ ಹುಚ್ಚ ಎಂದು ಊರ ಮುಂದೆ ಒಪ್ಪಿಕೊಳ್ಳಬೇಕಿತ್ತಲ್ಲ, ಅದು ನಾಲಿಗೆಯ ಮೇಲೆ ಬರಲಿಲ್ಲ. ಬಾಷುಮಿಯಾ ಕೂಡ ಅಲ್ಲೇ ನಿಂತಿದ್ದ.

“ಏನೂ ಇಲ್ರಿ ಸಾಹೇಬ್ರ” ಎಂದೆ. ಹೆಬ್ಬೆಟ್ಟು ಒತ್ತಿದೆ.

ಹಂಪಮ್ಮನೆಂಬ ಹೆಂಗಸು, ಆಕೆಯ ಹೊಲವೂ ಗಿರಣಿಗೆ ಹೋಗಿತ್ತು, “ನಿನ್ನ ಬಾಯಾಗ ಮಣ್ಣು ಹಾಕ! ಅಕ್ಕನ ಅನ್ನ ಉಂಡು ಅಕ್ಕಗ ಹಿಂಗ ಮಾಡ್ತೀಯಾ?” ಎಂದು ಕೂಗಿದಳು. ಅಕ್ಕ ನನ್ನ ಕಡೆ ನೋಡುತ್ತಲೇ ಇದ್ದಳು, ನಾನಿನ್ನೂ ಏನೋ ಹೇಳುವವನಿದ್ದೇನೆ ಎಂಬಂತೆ. ಸಾಹೇಬರ ಜೀಪು ಹೋದ ಮೇಲೆ ಎದ್ದು ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಅಬ್ಬೆತುಮಕೂರಿನ ಮಠದಲ್ಲಿ ಎದುರಾದಾಗಲೂ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು.

ಎರಡು ತಿಂಗಳಿಗೆ ಹುಕುಂ ಬಂತು. ಗಿರಣಿ ನಡೆದಿದೆ, ಹೊಲ ಕೊಡಬೇಕಾಗಿಲ್ಲ. ಮರುವಾರವೇ ಸಾಹುಕಾರ ಮಷೀನುಗಳನ್ನು ಹಳೆ ಕಬ್ಬಿಣ ಕೊಳ್ಳುವ ಮೋಡಕಾ ವ್ಯಾಪಾರಿಗೆ ಮಾರಿ, ಹಿಂದಿನ ಗೋಡೆ ಒಡೆಸಿ, ಕಾಲುವೆಯಿಂದ ಆ ಹನ್ನೆರಡು ಮನೆಯವರ ಹೊಲಕ್ಕೆ ನೀರು ತಿರುವಿದ. ನನ್ನನ್ನು ಕರೆದು, “ನಾಳಿಂದ ಭೋಂಗಾ ಬ್ಯಾಡ. ಖೋಲಿ ಖಾಲಿ ಮಾಡು” ಎಂದ.

“ಊರ ಮಂದಿಗೆ ರೂಢಿ ಆಗ್ಯಾದಲ್ರಿ?” ಎಂದೆ. ನಾಚಿಕೆಯಿಲ್ಲದೆ ಅದನ್ನೇ ಕೇಳಿದೆ ನೋಡಿ.

“ಮಂದಿ ಕೈಯಾಗ ಗಡಿಯಾರ ಅದಾವ ಹೋಗೋ.”

ಮರುದಿನ ಎಂಟಕ್ಕೆ ಊದಲಿಲ್ಲ. ಒಂದಕ್ಕೂ ಇಲ್ಲ. ಹಾಸಿಗೆ ಸುತ್ತಿಟ್ಟುಕೊಂಡು ಗೇಟಿನ ಹೊರಗೆ ಕಲ್ಲಿನ ಮೇಲೆ ಕುಳಿತಿದ್ದೆ. ಊರಿನಿಂದ ಒಂದು ನರಪಿಳ್ಳೆಯೂ ಬಂದು ಯಾಕೆಂದು ಕೇಳಲಿಲ್ಲ. ಸಂಜೆ ಐದು ದಾಟಿದ ಮೇಲೆ ಕಾಲುವೆಯ ದಂಡೆಯ ಮೇಲೆ ಯಾರೋ ಓಡುತ್ತ ಬರುವುದು ಕಾಣಿಸಿತು. ಅಕ್ಕ. ಸೊಂಟ ಹಿಡಿದುಕೊಂಡು, ಬರಿಗಾಲಲ್ಲಿ, ಕಳೆ ಕೀಳುತ್ತಿದ್ದ ಹೊಲದಿಂದಲೇ ಎದ್ದು ಬಂದಿದ್ದಳು. ಕೈಗೆ ಕೆಸರಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ನನ್ನನ್ನು ಕಂಡು ನಿಂತಳು. ಏದುಸಿರು ತಣಿಯುವವರೆಗೆ ನಿಂತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಮೂರು ಹೊತ್ತೂ ಭೋಂಗಾ ಆಗಲಿಲ್ಲ. ಸತ್ತಿ ಅಂತ ತಿಳದು ಬಂದೆ” ಎಂದಳು. “ಬದಕಿದ್ದೀಯಲ್ಲ.”

ಅಷ್ಟೇ ಹೇಳಿ ಬಂದ ದಾರಿಯಲ್ಲೇ ತಿರುಗಿ ಹೋದಳು. ನಾನು ಕರೆಯಲಿಲ್ಲ. ಯಾವ ಬಾಯಿಂದ ಕರೆಯಲಿ?