ಸಿಸ್ಟರ್ ಜೀಪಿಗೆ ಯಾವ ಟಾಪು

ಜೀಪಿನ ತಲೆಯ ಮೇಲೆ ಫೈಬರ್ ಡಬ್ಬಿ ಕೂರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನನ್ನ ಗ್ರಹಚಾರಕ್ಕೆ ಅಂಥವರಲ್ಲಿ ಒಬ್ಬ ನನ್ನ ಒಡಹುಟ್ಟಿದ ತಮ್ಮ. ಅಪ್ಪ ಬಿಟ್ಟುಹೋದ ಶೆಡ್ಡು ಒಂದೇ. ಅದರ ಎಡಗಡೆ ನನ್ನ ಹೊಲಿಗೆ ಯಂತ್ರ, ಕ್ಯಾನ್ವಾಸ್ ಸುರುಳಿಗಳು, ಕತ್ತರಿ, ಮೇಣ ಹಚ್ಚಿದ ದಾರ. ಬಲಗಡೆ ಅವನ ಅಚ್ಚುಗಳು, ಅಂಟಿನ ಡಬ್ಬಗಳು ಮತ್ತು ಅವನ ಬಾಯಿ. ನಡುವೆ ಗೋಡೆಯಿಲ್ಲ. ಬೀದಿಯವರು ನನ್ನನ್ನು ಹುಡ್ಡಕ್ಕ ಎನ್ನುತ್ತಾರೆ, ಅವನನ್ನು ಫೈಬರ್ ಎನ್ನುತ್ತಾರೆ. ಜೀಪಿಗೆ ಸಾಫ್ಟ್ ಟಾಪು, ಅಂದರೆ ಬಟ್ಟೆಯ ಹುಡ್ಡು ಬೇಕಾದವರು ಎಡಕ್ಕೆ ತಿರುಗುತ್ತಾರೆ, ಹಾರ್ಡ್ ಟಾಪು, ಅಂದರೆ ಫೈಬರ್ ಮಾಡು ಬೇಕಾದವರು ಬಲಕ್ಕೆ. ತಿಳಿಯದೆ ನಡುವೆ ನಿಂತವರ ಪಾಡು ಹೇಳತೀರದು, ಎರಡೂ ಕಡೆಯಿಂದ ಎಳೆದಾಡುತ್ತೇವೆ.

ಆ ಸೋಮವಾರ ನಡುವೆ ನಿಂತವರು ಗುಡ್ಡದ ಮೇಲಿನ ಹೆರಿಗೆ ಕೇಂದ್ರದ ಸಿಸ್ಟರ್. ಅವರ ಜೀಪಿನ ಹುಡ್ಡನ್ನು ಮರದ ಕೊಂಬೆಯೊಂದು ಉದ್ದಕ್ಕೆ ಸೀಳಿತ್ತು. ಆರು ವರ್ಷದ ಹಿಂದೆ ಅದನ್ನು ಹೊಲಿದವಳು ನಾನೇ. ಹತ್ತಿರ ಹೋಗಿ ಸೀಳನ್ನು ನೋಡಿದೆ, ಆಮೇಲೆ ಹೊಲಿಗೆಗಳ ಮೇಲೆ ಬೆರಳಾಡಿಸಿದೆ.

"ಬಟ್ಟೆ ಹರಿದಿದೆ, ನನ್ನ ಹೊಲಿಗೆ ಒಂದು ನೂಲೂ ಬಿಟ್ಟಿಲ್ಲ ನೋಡಿ ಸಿಸ್ಟರ್" ಎಂದೆ.

ಸಿಸ್ಟರ್ ಹೂಂ ಎಂದರು. "ಹೊಸದು ಹಾಕಿಸ್ಕೊಳ್ಳಿ, ಯಾವುದು ಬೇಕೋ ನೀವೇ ನೋಡ್ಕೊಳ್ಳಿ ಅಂತ ಆಫೀಸಿಂದ ಹೇಳಿದಾರೆ. ಶನಿವಾರದೊಳಗೆ ಆಗ್ಬೇಕು ಅಕ್ಕ. ಮುಂದಿನ ವಾರ ಗುಡ್ಡದಾಚೆ ಒಬ್ಬಳಿಗೆ ದಿನ ತುಂಬತ್ತೆ, ಕರ್ಕೊಂಡು ಬರ್ಬೇಕು."

"ಇದರಲ್ಲಿ ನೋಡ್ಕೊಳ್ಳೋಕೆ ಏನಿದೆ? ಬಟ್ಟೆ ಟಾಪೇ. ಹಗುರ, ಓರೆ ದಾರೀಲಿ ಜೀಪು ವಾಲಲ್ಲ. ಪಕ್ಕದ ಪರದೆ ಸುತ್ತಿ ಮೇಲೆ ಕಟ್ಟಿದ್ರೆ ನಾಲ್ಕು ಜನ ಸ್ಟ್ರೆಚರನ್ನ ಹಾಗೇ ಒಳಗೆ ಇಡಬಹುದು."

ತಮ್ಮ ಕೈ ಒರೆಸಿಕೊಳ್ಳುತ್ತ ಬಂದ. ಕರೆಯದಿದ್ದರೂ ಬರುವುದು ಅವನ ಅಭ್ಯಾಸ. "ಹೊಟ್ಟೆ ಹೊತ್ತವಳನ್ನ ಚೀಲದಲ್ಲಿ ತುಂಬ್ಕೊಂಡು ಬಂದ ಹಾಗೆ ಅದು ಸಿಸ್ಟರ್. ಧೂಳು, ಚಳಿ, ಸದ್ದು. ನನ್ನ ಹಾರ್ಡ್ ಟಾಪು ಹಾಕಿಸ್ಕೊಳ್ಳಿ, ಮನೆಯೊಳಗೆ ಇದ್ದ ಹಾಗೆ ಇರತ್ತೆ."

ಸದ್ದು ಎಂಬ ಮಾತಿಗೆ ಸಿಸ್ಟರ್ ಕತ್ತೆತ್ತಿ ಅವನನ್ನು ನೋಡಿದರು. ನಾನು ಅದನ್ನು ಕಂಡೆ, ಆದರೆ ಲೆಕ್ಕಕ್ಕಿಡಲಿಲ್ಲ. ನನಗಾಗ ಗೆಲ್ಲುವ ಚಪಲ.

"ಬಾಯಲ್ಲಿ ಯಾಕೋ ಮನೆ ಕಟ್ತೀಯ? ಇದೇ ಅಳತೇದು ಒಂದು ಮಾಡಿಟ್ಟಿದೀಯಲ್ಲ, ಕೂರಿಸು. ಗುಡ್ಡದಾಚೆ ಹೋಗಿ ನೋಡೇಬಿಡೋಣ. ಬಸುರಿ ಥರ ಹಿಂದೆ ನಾನೇ ಮಲಗ್ತೀನಿ" ಎಂದೆ.

"ಈ ವಯಸ್ಸಲ್ಲಾ?" ಎಂದ ತಮ್ಮ.

"ಮಲಗೋಕೆ ಎಂಥ ವಯಸ್ಸೋ. ನೀನು ಬೋಲ್ಟ್ ಹಾಕು."

ನನ್ನ ಈ ಧೈರ್ಯಕ್ಕೆ ಕಾರಣವಿತ್ತು. ಅದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಕಚ್ಚಾ ದಾರಿಯಲ್ಲಿ ಒಂದು ಚಕ್ರ ಬಂಡೆ ಹತ್ತಿ ಇನ್ನೊಂದು ಹಳ್ಳಕ್ಕೆ ಇಳಿದಾಗ, ಒದ್ದೆ ಬಟ್ಟೆ ಹಿಂಡಿದ ಹಾಗೆ ಜೀಪಿನ ಮೈ ಸ್ವಲ್ಪ ತಿರುಚಿಕೊಳ್ಳುತ್ತದೆ. ಅದಕ್ಕೇ ಅಪ್ಪ ಮುಂದಿನ ಒಂದು ಚಕ್ರದ ಕೆಳಗೆ ಮರದ ದಿಮ್ಮಿ ಇಟ್ಟು ಅಳತೆ ತೆಗೆಯುತ್ತಿದ್ದರು, ಆಮೇಲೆ ದಿಮ್ಮಿಯನ್ನು ಇನ್ನೊಂದು ಚಕ್ರಕ್ಕೆ ಕೊಟ್ಟು ಮತ್ತೆ ಅಳೆಯುತ್ತಿದ್ದರು. ನಾಲ್ಕೂ ಚಕ್ರ ನೆಲದ ಮೇಲಿದ್ದಾಗ ಜೀಪು ಸುಳ್ಳು ಹೇಳುತ್ತದೆ ಎನ್ನುವರು. ತಮ್ಮ ಆಗ ಬೇರೆ ಕಡೆ ಫೈಬರ್ ಕೆಲಸ ಕಲಿಯುತ್ತಿದ್ದ. ಅವನು ಇವತ್ತಿಗೂ ಅಳೆಯುವುದು ನುಣ್ಣನೆಯ ಸಿಮೆಂಟು ನೆಲದ ಮೇಲೆ. ಬಟ್ಟೆಯಾದರೆ ಮೈ ತಿರುಚಿದರೂ ಹೊಂದಿಕೊಳ್ಳುತ್ತದೆ. ಫೈಬರ್ ಹೊಂದಿಕೊಳ್ಳುವುದಿಲ್ಲ, ಬಾಗಿಲು ಕಚ್ಚಿಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು, ವರ್ಷಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಅವತ್ತೂ ಬಿಡಲಿಲ್ಲ. ಸಿಸ್ಟರ್ ಎದುರಿಗೆ ಅವನ ಬಾಗಿಲು ಕಚ್ಚಿಕೊಳ್ಳಲಿ, ಮುಖ ಹುಳ್ಳಗಾಗಲಿ ಎಂದೇ ಹೊರಟೆ.

ಮರುದಿನ ಬೆಳಿಗ್ಗೆ ಸಿಸ್ಟರ್ ಜೀಪು ಓಡಿಸಿದರು, ತಮ್ಮ ಪಕ್ಕದಲ್ಲಿ ಕೂತ, ನಾನು ಹಿಂದೆ ಸ್ಟ್ರೆಚರಿನ ಮೇಲೆ ಕಾಲು ಚಾಚಿ ಮಲಗಿದೆ. ಹೊಂಡ ಬಂದಾಗಲೆಲ್ಲ ತಮ್ಮ ಹಿಂದೆ ತಿರುಗಿ "ನೋವು ಶುರುವಾಯ್ತಾ ಅಕ್ಕ?" ಎನ್ನುವನು. ಹತ್ತಿರ ಇದ್ದಿದ್ದರೆ ಕಪಾಳಕ್ಕೆ ಒಂದು ಬಿಡುತ್ತಿದ್ದೆ.

ಗುಡ್ಡದ ನೆತ್ತಿಯಲ್ಲಿ ದಾರಿ ಕವಲೊಡೆಯುತ್ತದೆ. ಅಲ್ಲಿ ಸಿಸ್ಟರ್ ಜೀಪು ನಿಲ್ಲಿಸಿ ತಮ್ಮನನ್ನು ಕೆಳಗಿಳಿಸಿದರು. ಹಿಂದಿನ ಬಾಗಿಲಿಂದ ಒಳಗೆ ಬಂದು ಅದನ್ನು ಎಳೆದು ಮುಚ್ಚಿಕೊಂಡರು. ನೆತ್ತಿಯ ಮೇಲೆ ಮರಗಳಿಲ್ಲ, ಗಾಳಿ ಯಾವಾಗಲೂ ಬೀಸುತ್ತಲೇ ಇರುತ್ತದೆ. ಹೊರಗೆ ತಮ್ಮನ ಅಂಗಿ ಹಾರಾಡುವುದು ಗಾಜಿನಲ್ಲಿ ಕಾಣುತ್ತಿತ್ತು. ಒಳಗೆ ಮಾತ್ರ ಸದ್ದೇ ಇರಲಿಲ್ಲ. ಸಿಸ್ಟರ್ ಚೀಲದಿಂದ ಮರದ ಕೊಳವೆಯೊಂದನ್ನು ತೆಗೆದರು. ಬಸುರಿಯರ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಕೊಳವೆ ಅದು. ಅದನ್ನು ನನ್ನ ಎದೆಯ ಮೇಲಿಟ್ಟು ಕಿವಿಯೊತ್ತಿದರು. ಬಹಳ ಹೊತ್ತು ಹಾಗೇ ಇದ್ದರು.

"ಕೇಳಿಸ್ತಿದೆ" ಎಂದರು. ಕಿವಿ ಎತ್ತದೆ ಇನ್ನೊಮ್ಮೆ ಒತ್ತಿದರು.

"ಯಾಕೆ ಸಿಸ್ಟರ್?"

"ಎರಡು ವರ್ಷದ ಹಿಂದೆ ಗುಡ್ಡದಾಚೆ ಹುಡುಗಿಯೊಬ್ಬಳನ್ನ ಹೆರಿಗೆಗೆ ಕರ್ಕೊಂಡು ಬರ್ತಾ ಇಲ್ಲೇ ನಿಲ್ಲಿಸಿದ್ದೆ ಅಕ್ಕ. ಇಲ್ಲೇ ತೀರ್ಮಾನ ಆಗ್ಬೇಕು. ಮಗು ಎದೆಬಡಿತ ಚೆನ್ನಾಗಿದ್ರೆ ಈ ಕಡೆ, ನಮ್ಮ ಕೇಂದ್ರಕ್ಕೆ. ನಿಧಾನ ಆಗಿದ್ರೆ ಆ ಕಡೆ, ನೇರ ಕೆಳಗೆ ದೊಡ್ಡಾಸ್ಪತ್ರೆಗೆ. ಆಪರೇಷನ್ ಮಾಡೋರು ಅಲ್ಲೇ ಇರೋದು. ಅವತ್ತು ಕೇಳೋಕೆ ಕೂತ್ರೆ ಹುಡ್ಡು ಪಟಪಟ, ಪಟಪಟ. ಜೀಪು ನಿಲ್ಲಿಸ್ಬಹುದು, ಗಾಳಿ ನಿಲ್ಲಿಸೋಕಾಗತ್ತಾ? ಕಿವಿ ನೋಯೋವರೆಗೂ ಒತ್ತಿ ನೋಡಿದೆ. ಕೇಳಿಸಿದ ಹಾಗಾಯ್ತು. ಚೆನ್ನಾಗೇ ಇದೆ ಅಂದ್ಕೊಂಡು ಹತ್ತಿರದ ದಾರಿ ಹಿಡಿದೆ. ಕೇಂದ್ರಕ್ಕೆ ಹೋಗಿ ಕೇಳಿದ್ರೆ ತೀರಾ ನಿಧಾನ ಆಗಿತ್ತು. ಮತ್ತೆ ತಿರುಗಿಸ್ಕೊಂಡು ದೊಡ್ಡಾಸ್ಪತ್ರೆ ಮುಟ್ಟೋ ಹೊತ್ತಿಗೆ ನಿಂತೇಹೋಗಿತ್ತು."

ನನ್ನ ಎದೆ ಧಸಕ್ಕೆಂದಿತು. ಕೊಳವೆ ಇನ್ನೂ ಅಲ್ಲೇ ಇತ್ತು, ಅವರಿಗದು ಕೇಳಿಸಿರಬೇಕು.

"ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ?"

"ಸಿಕ್ಕಾಗಲೆಲ್ಲ ಒಂದು ನೂಲೂ ಬಿಟ್ಟಿಲ್ವಲ್ಲ ಸಿಸ್ಟರ್ ಅಂತ ಕೇಳ್ತಿದ್ರಿ. ಯಾವ ಬಾಯಲ್ಲಿ ಹೇಳ್ಲಿ? ನಿಮ್ಮ ತಪ್ಪಲ್ಲ ಅದು."

"ಹಾಗಿದ್ರೆ ನಿನ್ನೇನೇ ಹಾರ್ಡ್ ಟಾಪು ಅಂದುಬಿಡಬಹುದಿತ್ತಲ್ಲ."

"ಹಾರ್ಡ್ ಟಾಪಲ್ಲಿ ಸ್ಟ್ರೆಚರ್ ಹತ್ತಿಸೋಕೆ ಹಿಂದಿನ ಬಾಗಿಲು ಬಿಟ್ರೆ ಬೇರೆ ದಾರಿ ಇಲ್ವಲ್ಲ ಅಕ್ಕ. ಅವಳನ್ನ ಹತ್ತಿಸೋ ಜಾಗ ನೀವು ನೋಡಿಲ್ಲ, ನೋಡಿ ಆಮೇಲೆ ಹೇಳಿ. ಮುಂದಿನ ವಾರ ಬರೋಳೂ ಅದೇ ಹುಡುಗಿ."

ತಮ್ಮನನ್ನು ಹತ್ತಿಸಿಕೊಂಡು ಜೀಪು ಮತ್ತೆ ಹೊರಟಿತು. ತಮ್ಮ ನೋವು ಶುರುವಾಯ್ತಾ ಎಂದು ಇನ್ನೊಮ್ಮೆ ಕೇಳಿದ. ನನಗೆ ಅಳು ಬಂದಿತ್ತು, ಜೊತೆಗೆ ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಹುಡ್ಡಿನ ಬಟ್ಟೆಗೆ ಎರಡು ಪದರ ಕೊಡಲೇ, ಕಮಾನು ಹೆಚ್ಚಿಸಲೇ, ಪಟ್ಟಿ ಇನ್ನೂ ಬಿಗಿಯಲೇ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊಲಿದು ನೋಡಿದೆ. ಆಗಲಿಲ್ಲ. ಬಟ್ಟೆಗೆ ಸ್ವಲ್ಪ ಸಡಿಲ ಬಿಡಲೇಬೇಕು, ಇಲ್ಲದಿದ್ದರೆ ಜೀಪು ತಿರುಚಿದಾಗ ಹರಿಯುತ್ತದೆ. ಆ ಸಡಿಲಕ್ಕೆ ಗಾಳಿ ಸಿಕ್ಕರೆ ಸದ್ದು ಬಂದೇ ಬರುತ್ತದೆ. ಇಷ್ಟು ವರ್ಷದ ಕಸುಬಿನಲ್ಲಿ ನನಗೆ ಗೊತ್ತಿದ್ದದ್ದೆಲ್ಲ ಅಲ್ಲಿಗೆ ಮುಗಿಯಿತು.

ಮನೆಗಳಿಂದ ಕಾಲುದಾರಿ ಇಳಿದು ಬರುವ ಕಡೆ ಒಂದು ತಿರುವು. ಒಂದು ಪಕ್ಕ ದಿಬ್ಬ, ಇನ್ನೊಂದು ಪಕ್ಕ ಕಮರಿ. ಜೀಪು ನಿಲ್ಲಿಸಲು ಇರುವುದು ಅದೊಂದೇ ಜಾಗ, ಅದೂ ಮುಂದಿನ ಬಲಚಕ್ರವನ್ನು ಬಂಡೆಯ ಮೇಲೆ ಹತ್ತಿಸಿ. ಸಿಸ್ಟರ್ ಹಾಗೇ ನಿಲ್ಲಿಸಿದರು. ನನ್ನ ತಲೆಯ ಮೇಲೆ ಎಲ್ಲೋ ಫೈಬರ್ ಕಿರ್ ಎಂದಿತು. ತಮ್ಮ ಇಳಿದು ಬಂದು ಹಿಂದಿನ ಬಾಗಿಲಿನ ಹಿಡಿ ತಿರುಗಿಸಿದ. ಬಾಗಿಲು ಬರಲಿಲ್ಲ. ಎಳೆದ, ಒದ್ದ, ಭುಜ ಕೊಟ್ಟು ನೂಕಿದ. ನಾನು ಒಳಗೆ ಮಲಗಿದ್ದವಳು ಎದ್ದು ಕೂತೆ. ಇದೇ ಆಗಲಿ ಎಂದು ಬಯಸಿ ಬಂದವಳು ನಾನು. ಆದರೆ ಆ ಗಾಜಿನಾಚೆ ಹಲ್ಲು ಕಚ್ಚಿ ಎಳೆಯುತ್ತಿದ್ದ ಅವನನ್ನು ನೋಡುತ್ತ, ನನ್ನ ಜಾಗದಲ್ಲಿ ಆ ಹುಡುಗಿಯನ್ನು ನೆನೆದು ಬೆವತುಹೋದೆ.

"ಎಳೀಬೇಡ" ಎಂದು ಗಾಜು ಬಡಿದೆ. "ಸಿಸ್ಟರ್, ಜೀಪು ಬಂಡೆಯಿಂದ ಇಳಿಸಿ."

ನಾಲ್ಕೂ ಚಕ್ರ ಸಮವಾಗಿ ನಿಂತ ಮೇಲೆ ಬಾಗಿಲು ಏನೂ ಆಗದ ಹಾಗೆ ತೆರೆದುಕೊಂಡಿತು. ತಮ್ಮ ತಲೆ ತಗ್ಗಿಸಿ ನಿಂತಿದ್ದ. ಹುಡುಗಾಟದವನು, ಜಗಳಗಂಟ, ಆದರೆ ಕೆಲಸದಲ್ಲಿ ಮೋಸ ಗೊತ್ತಿಲ್ಲ.

"ಅಕ್ಕನ ಬಟ್ಟೆ ಹುಡ್ಡೇ ಹಾಕಿಸ್ಕೊಳ್ಳಿ ಸಿಸ್ಟರ್" ಎಂದ. "ನನ್ನದು ಇಲ್ಲಿ ನಡೆಯಲ್ಲ."

"ಬಾಯಿ ಮುಚ್ಚು" ಎಂದೆ. "ಹಾರ್ಡ್ ಟಾಪೇ ಹಾಕೋದು."

ಇಬ್ಬರೂ ನನ್ನ ಮುಖ ನೋಡಿದರು. ಅಲ್ಲೇ ಆ ಬಂಡೆಯ ಪಕ್ಕದಲ್ಲಿ ನಿಂತು ದಿಮ್ಮಿಯ ವಿಷಯವನ್ನೆಲ್ಲ ಹೇಳಿಬಿಟ್ಟೆ. ಬಾಗಿಲು ಕಚ್ಚಿಕೊಳ್ಳುತ್ತದೆ ಎಂದು ಮೊದಲೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. ತಮ್ಮ ಬಾಗಿಲಿನ ಹಿಡಿಯಿಂದ ಕೈ ತೆಗೆದು ನನ್ನ ಕಡೆ ತಿರುಗಿದ.

"ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಹೇಳ್ಲಿಲ್ವಲ್ಲ ಅಕ್ಕ."

"ಹೇಳ್ಲಿಲ್ಲ. ನನ್ನದು ಕೆಟ್ಟ ಬುದ್ಧಿ. ಬೈಯೋದಿದ್ರೆ ಭಾನುವಾರ ಬೈಯಿ, ಶನಿವಾರದವರೆಗೆ ಕೆಲಸ ಇದೆ."

ಬುಧವಾರ ಬೆಳಿಗ್ಗೆ ಜೀಪು ನನ್ನ ಕಡೆಯೂ ಇರಲಿಲ್ಲ, ಅವನ ಕಡೆಯೂ ಇರಲಿಲ್ಲ, ಶೆಡ್ಡಿನ ನಡುಮಧ್ಯ ನಿಂತಿತ್ತು. ಬಲಚಕ್ರದ ಕೆಳಗೆ ದಿಮ್ಮಿಯಿಟ್ಟು ಅಳೆದೆವು, ಎಡಕ್ಕೆ ಬದಲಿಸಿ ಅಳೆದೆವು. ಬಾಗಿಲಿನ ಚೌಕಟ್ಟು ಮೂಲೆಯಿಂದ ಮೂಲೆಗೆ ಒಂದು ಬೆರಳಿನಷ್ಟು ಸರಿಯುತ್ತಿತ್ತು. ಅವನು ಬಾಗಿಲನ್ನು ಅಷ್ಟೇ ಚಿಕ್ಕದಾಗಿ ಕೊಯ್ದು ಹೊಸ ಅಂಚು ಕಟ್ಟಿದ. ಬೋಲ್ಟುಗಳನ್ನು ಬಿಗಿಯಾಗಿ ಕೂರಿಸದೆ ಕೆಳಗೆ ದಪ್ಪ ರಬ್ಬರು ಕೊಟ್ಟ. ಆಮೇಲೆ ಬಾಗಿಲ ಸುತ್ತ ಸಂದಿ ಉಳಿಯಿತು. ಏರ್ ಪೈಪಿನಿಂದ ಗಾಳಿ ಬಿಟ್ಟು ನೋಡಿದರೆ ಆ ಸಂದಿ ಸಿಳ್ಳೆ ಹಾಕಿತು. ಸಿಳ್ಳೆಯಲ್ಲಿ ಎದೆಬಡಿತ ಯಾರಿಗೆ ಕೇಳಿಸೀತು? ನಾನು ಮೆತ್ತನೆಯ ರಬ್ಬರು ಕೊಳವೆಗೆ ಕ್ಯಾನ್ವಾಸ್ ಸುತ್ತಿ, ಒತ್ತಾಗಿ ಹೊಲಿದು, ಬಾಗಿಲ ಸುತ್ತಲೂ ಕೂರಿಸಿದೆ. ಒಂದು ಸಲಕ್ಕೆ ಸರಿಯಾಗಲಿಲ್ಲ, ಬಿಚ್ಚಿದೆ. ಎರಡನೆಯದನ್ನೂ ಬಿಚ್ಚಿದೆ. "ಸಾಕು ಬಿಡಕ್ಕ" ಎಂದ ತಮ್ಮ. ಸಾಕಾಗಿದ್ದರೆ ನಾನೇ ಹೇಳುತ್ತಿದ್ದೆ. ಮೂರನೆಯದು ಕೂತಿತು. ಶನಿವಾರ ಜೀಪನ್ನು ದಿಮ್ಮಿಯ ಮೇಲೆ ಎಡಕ್ಕೆ ಬಲಕ್ಕೆ ತಿರುಚಿ ನಲವತ್ತು ಸಲ ಬಾಗಿಲು ತೆಗೆದು ಹಾಕಿದೆವು. ಒಂದು ಸಲವೂ ಕಚ್ಚಿಕೊಳ್ಳಲಿಲ್ಲ.

ಜೀಪು ಒಯ್ಯುವಾಗ ಸಿಸ್ಟರ್ ಹೇಳಿದರು: "ದೊಡ್ಡಾಸ್ಪತ್ರೆ ದಾರಿ ನಿಮ್ಮ ಶೆಡ್ಡಿನ ಮುಂದೇನೇ ಹೋಗೋದು. ಮುಂದಿನ ವಾರ ನಾನು ಈ ಕಡೆ ಬರಲಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂದ್ಕೊಳ್ಳಿ."

ಭಾನುವಾರ ತಮ್ಮ ಬೈಯಲೇ ಇಲ್ಲ. ಅದು ಬೈಗುಳಕ್ಕಿಂತ ಕಷ್ಟವಾಯಿತು. ಸೋಮವಾರ, ಮಂಗಳವಾರ ಯಂತ್ರದ ಮುಂದೆ ಕೂತವಳಿಗೆ ಕಣ್ಣೆಲ್ಲ ರಸ್ತೆಯ ಮೇಲೆ. ಬರದಿರಲಿ, ಬರದಿರಲಿ ಎಂದುಕೊಳ್ಳುತ್ತಿದ್ದೆ.

ಬುಧವಾರ ಮಧ್ಯಾಹ್ನ ಮೂರರ ಸುಮಾರಿಗೆ ಹಾರ್ನ್ ಕೇಳಿಸಿತು. ಬಿಡದೆ ಒತ್ತಿಹಿಡಿದ ಹಾರ್ನ್. ತಮ್ಮ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿಬಂದ. ರಸ್ತೆಯ ತುದಿಯಲ್ಲಿ ಜೀಪು ಕಾಣಿಸಿತು, ದೀಪ ಹೊತ್ತಿಸಿಕೊಂಡು ಬರುತ್ತಿತ್ತು. ತಮ್ಮ ರಸ್ತೆಗಿಳಿದು ಎರಡೂ ಕೈ ಚಾಚಿ ಎದುರಿನಿಂದ ಬರುತ್ತಿದ್ದ ಲಾರಿ ನಿಲ್ಲಿಸಿದ. ಸಿಸ್ಟರ್ ನಮ್ಮ ಕಡೆ ನೋಡಲೂ ಇಲ್ಲ, ಸ್ಟೀರಿಂಗ್ ಹಿಡಿದು ಮುಂದಕ್ಕೇ ನೋಡುತ್ತಿದ್ದರು. ಜೀಪು ಹಾದುಹೋಯಿತು. ನಾನು ಕಂಬ ಹಿಡಿದುಕೊಂಡೆ. ತಮ್ಮ ಬಂದು ನನ್ನ ಪಕ್ಕ ನಿಂತ. "ಈ ಸಲ ನೇರ ಬಂದಿದಾರೆ ಅಕ್ಕ" ಎಂದ. ಭಾನುವಾರದಿಂದೀಚೆಗೆ ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಸಿಸ್ಟರ್ ಬಂದಾಗ ಆರು ಗಂಟೆಯಾಗಿತ್ತು. ಜೀಪು ನಿಲ್ಲಿಸಿ ಇಳಿದರು, ಬಂದು ನನ್ನ ಸ್ಟೂಲಿನ ಮೇಲೆ ಕೂತರು. ನಾನು ನೀರು ಕೊಟ್ಟೆ. ಅರ್ಧ ಲೋಟ ಕುಡಿಯುವವರೆಗೆ ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಹೆಣ್ಣು ಮಗು" ಎಂದರು. "ಆಪರೇಷನ್ ಆಯ್ತು. ಇಬ್ಬರೂ ಚೆನ್ನಾಗಿದಾರೆ."

ತಮ್ಮ ಅಚ್ಚುಗಳ ಕಡೆ ತಿರುಗಿ ಏನನ್ನೋ ಹುಡುಕತೊಡಗಿದ. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ.

"ನೆತ್ತಿ ಮೇಲೆ ಗಾಳಿ ಅವತ್ತಿಗಿಂತ ಜೋರಿತ್ತು" ಎಂದರು ಸಿಸ್ಟರ್. "ನಿಲ್ಲಿಸಿ, ಹಿಂದೆ ಹತ್ತಿ, ಬಾಗಿಲು ಹಾಕ್ಕೊಂಡೆ. ಹೋದ ಸಲ ಅವಳು ಕೇಳಿದ್ಳು, ಮಗೂದು ಕೇಳಿಸ್ತಿದೆಯಾ ಸಿಸ್ಟರ್ ಅಂತ. ಕೇಳಿಸ್ತಿದೆ, ಚೆನ್ನಾಗಿದೆ ಅಂದಿದ್ದೆ. ಈ ಸಲವೂ ಅದನ್ನೇ ಕೇಳಿದ್ಳು."

"ಏನಂದ್ರಿ?"

"ಕೇಳಿಸ್ತಿದೆ, ಆದ್ರೆ ನಿಧಾನ ಇದೆ, ದೊಡ್ಡಾಸ್ಪತ್ರೆಗೆ ಹೋಗ್ತಿದೀವಿ ಅಂದೆ." ಸಿಸ್ಟರ್ ಸೆರಗಿನಿಂದ ಮುಖ ಒರೆಸಿಕೊಂಡರು. "ಅವಳು ಅಳಲಿಲ್ಲ ಅಕ್ಕ. ಕೇಳಿಸ್ತಿದೆ ತಾನೇ, ಹಾಗಿದ್ರೆ ಓಡಿಸಿ, ನಾನು ತಡ್ಕೋತೀನಿ ಅಂದ್ಳು."